ಜಾಕಿಗೆ ಹಾಕಿದ ಹಾರ

ಜನವರಿ ೨೮, ಬೆಳಿಗ್ಗೆ

ಸೇನಾಪತಿ ಇಂದು ಚೌರಿ ತಿಂದ. ಪೂರ್ತಿಯಲ್ಲ, ಅರ್ಧ. ಅಮ್ಮನ ಕಾಲದ ಚೌರಿ. ಅದನ್ನು ಜಡೆಗೆ ಸೇರಿಸಿಕೊಂಡು ಎಷ್ಟು ಊರುಗಳ ಸ್ಟೇಜಿನ ಮೇಲೆ ರಾಣಿಯಾಗಿ ಅತ್ತಿದ್ದೇನೆ! ಉಳಿದರ್ಧ ಬಾಯಲ್ಲಿ ಕಚ್ಚಿಕೊಂಡು ಮಂಚ, ಮೇಜು, ಅಡುಗೆಕಟ್ಟೆ ಎಂದು ಮೂರು ಲೋಕ ಸುತ್ತಿದ. ನಾಯಿಯೋ, ಬಾಲ ಬಂದ ಸುಂಟರಗಾಳಿಯೋ!

ಕೆಳಗಿನಿಂದ ಮನೆ ಮಾಲೀಕ ದೇವರಾಜು ಕೂಗಿದ: “ನಾಗಲಕ್ಷ್ಮಮ್ಮೋರೇ, ಮೇಲ್ಗಡೆ ಕುದ್ರೆ ಸಾಕಿದ್ದೀರೇನ್ರೀ? ಯುಗಾದಿಯೊಳಗೆ ಅದು ಹೋಗ್ಬೇಕು. ಇಲ್ದಿದ್ರೆ ನೀವು!”

“ಅಪ್ಪಣೆ ಮಹಾಪ್ರಭೂ!” ಎಂದು ಗರ್ಜಿಸಿದೆ. ಬೀದಿಯೆಲ್ಲ ನಕ್ಕಿತು. ಬಾಗಿಲು ಹಾಕಿದ ಮೇಲೆ ನನಗೆ ನಗು ಬರಲಿಲ್ಲ. ಇಷ್ಟು ಓಡುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆತನಕ ಇಟ್ಟುಕೊಳ್ಳುವವರು ಬೇಕು. ಇನ್ನೊಂದು ಸಲ ಇವನನ್ನು ಯಾರೂ ಬಿಟ್ಟುಹೋಗಬಾರದು.

ಕತ್ತಿನ ಗಾಯ ಒಣಗಿದೆ. ಕಾರ್ತೀಕದಲ್ಲಿ ಗೂಡಲೂರಿನ ನಾಟಕ ಮುಗಿಸಿ ವ್ಯಾನಿನಲ್ಲಿ ಬರುವಾಗ ಬಂಡೀಪುರದ ಚೆಕ್‌ಪೋಸ್ಟ್ ಹತ್ತಿರ ಸಿಕ್ಕಿದ. ಕುಯ್ದ ಪ್ಲಾಸ್ಟಿಕ್ ಹಗ್ಗ ಮಾಂಸಕ್ಕೆ ಇಳಿದಿತ್ತು. ಕಾರಿನ ಹಿಂದೆ ಓಡುತ್ತಿರಲಿಲ್ಲ, ಲಾರಿಯ ಹಿಂದೆಯೂ ಇಲ್ಲ. ಜೀಪು ಬಂದರೆ ಮಾತ್ರ... ಪ್ರಾಣ ಬಿಟ್ಟು ಓಡುತ್ತಿದ್ದ. ಅಲ್ಲೇ ಜಡೆ ಬಿಚ್ಚಿ ಶಪಥ ಮಾಡಿದೆ: ಇದನ್ನು ಕಾಡಿಗೆ ಎಸೆದವನ ಮಾನ ಹರಾಜಾಗುವ ತನಕ ಈ ಕೂದಲು ಕಟ್ಟೆನು!

ಡ್ರೈವರ್ ಚಿಕ್ಕಯ್ಯ ಹೇಳಿದ್ದು ಇಷ್ಟೇ: “ಅಕ್ಕೋ, ಕೂದ್ಲು ಸ್ಟೇರಿಂಗಿಗೆ ಸುತ್ಕತದೆ. ಅತ್ಲಾಗ್ ಎಳ್ಕೊ.”

ಫೆಬ್ರವರಿ ೯

ಪುಣಜನೂರಿನಿಂದ ವಾಪಸ್ಸು. ಕುರಿ ಸಾಕುವ ದೊಡ್ಡಬೀರಯ್ಯ ಸೇನಾಪತಿಯನ್ನು ಒಂದು ವಾರ ಇಟ್ಟುಕೊಂಡು ಕೈ ಮುಗಿದ.

“ಬೋ ಚುರುಕು ಕಣವ್ವ. ಆದ್ರೆ ಕುರಿಗೂ ಆಟ ಕಲಿಸ್ಬುಡ್ತು. ಮೇಯಾದೇ ಬುಟ್ಬುಟ್ಟವೆ.”

ಬಸ್ಸಿನಲ್ಲಿ ಕಂಡಕ್ಟರ್ ಸೇನಾಪತಿಗೂ ಟಿಕೆಟ್ ಹರಿದ. ಸೇನಾಪತಿ ಟಿಕೆಟ್ ತಿಂದ.

ಫೆಬ್ರವರಿ ೧೮, ಸಂಜೆ

ಸಿಕ್ಕಿದ! ಸಿಕ್ಕಿದ! ಸಿಕ್ಕಿದ!

ಸಾವಧಾನ, ನಾಗಲಕ್ಷ್ಮಿ. ಮೊದಲಿನಿಂದ ಬರೆ.

ಗುಂಡ್ಲುಪೇಟೆ ಕಡೆಯ ಊರಿನಲ್ಲಿ ಇಂದಿನಿಂದ ನಾಟಕದ ತಾಲೀಮು. ಅಲ್ಲಿ ಬಣ್ಣ ಹಚ್ಚುವವರೆಲ್ಲ ಊರಿನ ಗಂಡಸರು. ರಾಣಿಗೆ ಮಾತ್ರ ಹೊರಗಿನಿಂದ ನನ್ನನ್ನು ಕರೆಸುತ್ತಾರೆ. ರಾಣಿಯ ಊಟ ರಾಜಾಪಾರ್ಟಿನವನ ಮನೆಯಲ್ಲಿ. ಅದು ಪದ್ಧತಿ. ಈ ಸಲ ರಾಜಾಪಾರ್ಟು ಚೆಂಡುಹೂವಿನ ವ್ಯಾಪಾರದ ದಿಲೀಪನದು. ಉಣ್ಣಲು ಕೂತೆ. ಗೋಡೆಯ ಮೇಲೆ ಅವನ ತಂದೆಯ ಫೋಟೊ. ಅದರ ಪಕ್ಕ ಗಂಧದ ಹಾರ ಹಾಕಿದ ಇನ್ನೊಂದು ಫೋಟೊ. ಹರಿದ ಎಡಗಿವಿ, ಎದೆಯ ಮೇಲೆ ಬಿಳಿ ಮಚ್ಚೆ—

ಸೇನಾಪತಿ!

ಮುರಿದ ಮುದ್ದೆ ಕೈಯಲ್ಲೇ ಉಳಿಯಿತು.

“ಜಾಕಿ ಕಣವ್ವ,” ಎಂದು ದಿಲೀಪನ ತಾಯಿ ಗುರುಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಕಾರ್ತೀಕದಲ್ಲಿ ಚಿರತೆ ಹೊತ್ಕೊಂಡೋಯ್ತು. ನನ್ ಮಗ ದೊಣ್ಣೆ ಹಿಡ್ಕೊಂಡು ಅಟ್ಟುಸ್ಕೊಂಡೋದ.”

ದಿಲೀಪ ಸಾರು ಸುರಿದುಕೊಳ್ಳುತ್ತಾ ಹೇಳಿದ: “ಇನ್ನೊಂದ್ ಹತ್ ಮಾರು ಅಷ್ಟೇ ಕಣಕ್ಕ. ತಪ್ಪುಸ್ಕೊಂಬುಡ್ತು.”

ಅಂಗಳದಲ್ಲಿ ಜೀಪು. ಹಿಂದಿನ ಸೀಟಿಗೆ ಹೊಸ ರೆಕ್ಸಿನ್. “ಹಳೇ ಸೀಟು ಏನಾಯ್ತಪ್ಪ?” ಎಂದು ಕೇಳಿದೆ. “ನಾಯಿ ಹರುದ್ಬುಡ್ತು,” ಎಂದವನು ನಾಲಿಗೆ ಕಚ್ಚಿಕೊಂಡ. ಆಹಾ, ಧೀರ! ಒಂದು ಸೀಟಿಗೆ ಒಂದು ಪ್ರಾಣ!

ಅಲ್ಲೇ ಹೇಳಬಹುದಿತ್ತು. ‘ಅವ್ವಾ, ನಿನ್ನ ಜಾಕಿ ಬದುಕಿದ್ದಾನೆ.’ ಆ ಮುದುಕಿ ಎರಡನೇ ಸಲ ಮಜ್ಜಿಗೆ ಬಡಿಸುವಾಗಲೂ ನಾಲಿಗೆಯ ತುದಿಗೆ ಬಂತು. ನುಂಗಿದೆ. ಇದು ಅಡುಗೆಮನೆಯಲ್ಲಿ ಮುಗಿಸುವ ದೃಶ್ಯವಲ್ಲ. ಕಿರೀಟ ಅವನ ತಲೆಯ ಮೇಲಿರಬೇಕು. ಊರು ಮುಂದೆ ಕೂತಿರಬೇಕು.

ಫೆಬ್ರವರಿ ೨೩

ಸ್ಟೇಡಿಯಂನಲ್ಲಿ ಸೇನಾಪತಿ ಹಗ್ಗ ಕಿತ್ತುಕೊಂಡು, ಅಲ್ಲಿ ಓಡುತ್ತಿದ್ದ ಹುಡುಗಿಯೊಬ್ಬಳ ಜೊತೆ ಸೇರಿಕೊಂಡ. ಹೆಸರು ತೇಜಸ್ವಿನಿ. ಕಾನ್‌ಸ್ಟೇಬಲ್ ಸೆಲೆಕ್ಷನ್‌ಗೆ ದಿನಾ ಬೆಳಿಗ್ಗೆ ಓಡುತ್ತಾಳೆ. ಎಷ್ಟೋ ರೌಂಡು ಆದ ಮೇಲೆ ಇಬ್ಬರೂ ನಾಲಿಗೆ ಚಾಚಿಕೊಂಡು ಬಂದರು. ಸೇನಾಪತಿ ಅವಳ ಶೂ ಮೇಲೆ ತಲೆಯಿಟ್ಟು ಮಲಗಿದ. ಮಲಗಿದ! ನನ್ನ ಮನೆಯಲ್ಲಿ ಇವನು ಹಗಲು ಮಲಗಿದ್ದನ್ನು ನಾನು ಕಂಡಿಲ್ಲ.

“ಆಂಟಿ, ನಂಗೇ ಕೊಡಿ. ಇವತ್ತೇ ಕರ್ಕೊಂಡೋಗ್ತೀನಿ.”

“ನಾಟಕ ಆಗಲಿ.”

“ನಾಟಕಕ್ಕೂ ನಾಯಿಗೂ ಏನ್ ಸಂಬಂಧ?”

“ಅವನದೂ ಒಂದು ಪಾರ್ಟಿದೆ.”

ಹುಡುಗಿಗೆ ಬೇಜಾರಾಯಿತು. “ಪಕ್ಕದ್ಮನೇವ್ರು ಮರಿ ಕೊಡ್ತೀವಿ ಅಂತವ್ರೆ. ನಮ್ಮಮ್ಮ ಒಪ್ಪಿರೋದು ಒಂದಕ್ಕೇ. ನೋಡ್ಕೊಳಿ.”

ನೋಡಿಕೊಂಡೆ. ಆದರೆ ದಿಲೀಪನ ಮುಖವೇ ಕಣ್ಣ ಮುಂದೆ.

ಮಾರ್ಚ್ ೫

ತೇಜಸ್ವಿನಿ ಮತ್ತೆ ಫೋನ್ ಮಾಡಿದ್ದಳು. ತೆಗೆಯಲಿಲ್ಲ.

ಮಾರ್ಚ್ ೧೭

ನಿನ್ನೆ ಆಯಿತು. ಬರೆಯಲು ಇಂದು ಕೈ ಬಂತು.

ಚಿರತೆ ಕಾಟವಿದೆ ಎಂದು ಫಾರೆಸ್ಟಿನವರು ರಾತ್ರಿ ನಾಟಕ ಬೇಡವೆಂದಿದ್ದರು. ಮಟಮಟ ಮಧ್ಯಾಹ್ನ ಆಟ. ಬಣ್ಣ ಬೆವರಿನಲ್ಲಿ ಇಳಿಯುತ್ತಿತ್ತು, ರಾಜನ ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು. ಮೊದಲ ಸಾಲಿನಲ್ಲಿ ಗುರುಮಲ್ಲಮ್ಮ. ಪರದೆಯ ಹಿಂದೆ ಚಿಕ್ಕಯ್ಯ, ಅವನ ಕೈಯಲ್ಲಿ ಸೇನಾಪತಿಯ ಹಗ್ಗ.

ರಾಜ ಮೈಕಿನ ಮುಂದೆ ಬಂದ. “ನನ್ನನ್ನು ನಂಬಿ ಬಂದವರನ್ನು ಪ್ರಾಣ ಕೊಟ್ಟಾದರೂ ಕಾಯುವೆನು!”

ಆ ದನಿ ಕೇಳಿದ್ದೇ ತಡ, ಹಗ್ಗ ಚಿಕ್ಕಯ್ಯನ ಕೈಯಲ್ಲಿ ಉಳಿಯಲಿಲ್ಲ. ಪರದೆ ಹರಿಯಿತು, ಹಾರ್ಮೋನಿಯಂ ಮಗುಚಿತು. ಕಚ್ಚುತ್ತಾನೆ ಎಂದುಕೊಂಡಿದ್ದೆ. ಅದಕ್ಕೇ ತಾನೆ ಕರೆದುಕೊಂಡು ಹೋಗಿದ್ದು! ಆದರೆ ಇವನು... ಎರಡು ಕಾಲಿನ ಮೇಲೆ ನಿಂತು ಅವನ ಮುಖವೆಲ್ಲ ನೆಕ್ಕಿದ. ಮೀಸೆ ಹೋಯಿತು, ಕಿರೀಟ ಉರುಳಿತು. ಕುಂಯ್‌ಗುಟ್ಟಿದ, ಸಂತೋಷಕ್ಕೆ ರಾಜನ ಪಾದದ ಮೇಲೆ ಉಚ್ಚೆ ಹೊಯ್ದ. ಬಿಟ್ಟುಹೋದವನ ಮೇಲೆ ಇವನಿಗೆ ಒಂದಿಷ್ಟೂ ಸಿಟ್ಟಿಲ್ಲ. ಅಷ್ಟೂ ಸಿಟ್ಟು ನನ್ನದೇ.

ನಾನು ಕೂದಲು ಹರವಿಕೊಂಡು ಮುಂದೆ ಬಂದೆ. “ಮಹಾರಾಜಾ! ಈ ಸೇವಕ ಯಾರೆಂದು ಸಭೆಗೆ ಹೇಳು!”

“ಯಾರ್ ನಾಯಿನೋ... ನಂಗೊತ್ತಿಲ್ಲ,” ಎಂದು ದಿಲೀಪ ಒದೆಯಲು ಕಾಲೆತ್ತಿದ.

ಆಗ ಮೊದಲ ಸಾಲು ಎದ್ದಿತು. ಗುರುಮಲ್ಲಮ್ಮ ಯಾರ ಕೈಯನ್ನೂ ಹಿಡಿಯದೆ ಸ್ಟೇಜು ಹತ್ತಿದರು. ಹರಿದ ಕಿವಿ ಮುಟ್ಟಿ ನೋಡಿದರು. ಮೈಕಿಗೆ ಎಲ್ಲವೂ ಕೇಳುತ್ತಿತ್ತು.

“ಏನ್ಲಾ ದಿಲೀಪ, ಚಿರತೆ ವಾಪಸ್ ಉಗುದ್ಬುಡ್ತಾ?”

ಜನ ಕೇಕೆ ಹಾಕಿತು! ಶಿಳ್ಳೆ! “ಹತ್ ಮಾರು ಕಣ್ಲಾ, ಹತ್ ಮಾರು!” “ಮಾರಾಜ್ರೇ, ದೊಣ್ಣೆ ಎಲ್ಲಿ?” ಹುಡುಗರೆಲ್ಲ ಒನ್ಸ್ ಮೋರ್ ಕೂಗಿದರು. ದಿಲೀಪ ಕಿರೀಟ ಬಿಟ್ಟು ಪರದೆಯ ಹಿಂದೆ ಓಡಿದ. ನನ್ನ ಎದೆ ತಂಪಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಮನೆಯಲ್ಲಿ ಗುರುಮಲ್ಲಮ್ಮ ನಾಯಿಯ ಫೋಟೊದಿಂದ ಹಾರ ತೆಗೆದರು. ಎದುರು ಗೋಡೆಯಲ್ಲಿ ಕಿರೀಟ ಇಟ್ಟುಕೊಂಡ ಮಗನ ಫೋಟೊ ಇತ್ತು. ಅದಕ್ಕೆ ಹಾಕಿದರು. ದಿಲೀಪ ಬಾಗಿಲಲ್ಲಿ ನಿಂತು ನೋಡಿದ.

ಆಮೇಲೆ ನನ್ನ ಕಡೆ ತಿರುಗಿದರು. “ಅವತ್ತು ಇಲ್ಲಿ ಉಣ್ಣುವಾಗ್ಲೇ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅವ್ವ.”

“ನಾನು ದಿನಾ ಈ ಫೋಟಕ್ಕೆ ಕೈಮುಗುದು ಅಳ್ತಿದ್ದೆ ಕಣಮ್ಮಿ.” ಅಷ್ಟೇ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. “ಇವ್ನ ಇಲ್ಲಿ ಬುಡ್ಬೇಡ. ನಾನು ಕಣ್ಮುಚ್ಚುದ್ರೆ ನನ್ ಮಗ ತಿರ್ಗಾ ಕಾಡಿಗೆ ಬುಟ್ಬತ್ತಾನೆ. ಓಡೋ ಜನದ ಮನೆ ನೋಡು.”

ಓಡುವ ಜನ. ಫೋನ್ ತೆಗೆಯದೆ ನಾನೇ ಕಳೆದುಕೊಂಡ ಮನೆ.

ಮಾರ್ಚ್ ೨೯

ನಾಳೆ ಯುಗಾದಿ. ತೇಜಸ್ವಿನಿಯ ಮನೆಗೆ ಹೋದೆ. ಇಷ್ಟು ದಿನ ಧೈರ್ಯವಾಗಲಿಲ್ಲ. ಬಾಗಿಲು ತೆಗೆದದ್ದು ಅವಳ ತಾಯಿ ಮಂಚಮ್ಮ. ಕಾಲ ಬಳಿ ಅಂಗೈಯಗಲದ ಮರಿ.

“ಒಂದೇ ಅಂದಿದ್ದೆ ಕಣ್ರೀ. ಬಂದಾಯ್ತು.”

ಸ್ಟೇಜಿನ ಮಾತು ಒಂದೂ ನೆನಪಾಗಲಿಲ್ಲ. “ತಪ್ಪು ನಂದು,” ಎಂದೆ. ನನ್ನ ದನಿ ಅಷ್ಟು ಸಣ್ಣಗಾದದ್ದು ನಾನೇ ಕೇಳಿರಲಿಲ್ಲ. ಸೇನಾಪತಿ ನನ್ನನ್ನು ದಾಟಿ ಒಳಗೆ ಹೋದ. ದಾರಿಯುದ್ದಕ್ಕೂ ಕಚ್ಚಿಕೊಂಡು ಬಂದಿದ್ದ ಅರ್ಧ ಚೌರಿಯನ್ನು ಮರಿಯ ಮುಂದೆ ಇಟ್ಟ. ಮರಿ ಅದರ ಮೇಲೆ ಬಿತ್ತು, ಇವನು ಮರಿಯನ್ನು ಸುತ್ತಿಕೊಂಡು ಮಲಗಿದ. ತೇಜಸ್ವಿನಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

“ಇದೇನವ್ವ, ಜಡೆ ತಂದವ್ನೆ!” ಮಂಚಮ್ಮ ನಕ್ಕುಬಿಟ್ಟರು. “ಸೀರೆ ಉಟ್ಕೊಂಡ್ ಬರ್ಲಿಲ್ವಲ್ಲ ಸದ್ಯ. ಇರ್ಲಿ ಬುಡಿ. ಒಂದಕ್ಕೆ ಹಾಕೋದ್ರಲ್ಲೇ ಎರಡಕ್ಕೂ ಹಾಕನ.”

ಹಿಂತಿರುಗಿ ನೋಡದೆ ಬಂದೆ. ಅವನೂ ಎದ್ದು ಬರಲಿಲ್ಲ.

ಮಾರ್ಚ್ ೩೦, ಯುಗಾದಿ

ಬೆಳಿಗ್ಗೆಯೇ ದಿಲೀಪನ ಫೋನು. “ಅಕ್ಕ, ಹಬ್ಬದ ದಿನ... ಬಂದ್ ನೆಂಟ್ರೆಲ್ಲ ನಗ್ತಾವ್ರೆ. ಆ ಹಾರ ತೆಗಿ ಅಂತ ಅವ್ವಂಗೆ ಒಂದ್ ಮಾತು ಹೇಳು. ಬಾಡ್ಲಿ, ಆಮೇಲ್ ತೆಗೀತೀನಿ ಅಂತವ್ಳೆ.”

“ಅದು ಗಂಧದ್ದು ಕಣಪ್ಪ. ಬಾಡಲ್ಲ.”

ಇಟ್ಟುಬಿಟ್ಟೆ. ಆಹಾ!

ಕೆಳಗೆ ದೇವರಾಜು ಹೆಂಡತಿಗೆ ಹೇಳುತ್ತಿದ್ದಾನೆ, ಮೇಲ್ಗಡೆ ಎಷ್ಟು ನಿಶ್ಶಬ್ದ ನೋಡು ಅಂತ.

ಶಪಥ ತೀರಿತು. ತಲೆಗೆ ನೀರು ಹಾಕಿಕೊಂಡು ಕನ್ನಡಿಯ ಮುಂದೆ ಕೂತೆ. ಕಾರ್ತೀಕದಿಂದ ಹರಡಿದ್ದ ಕೂದಲು. ಬಾಚಿದೆ. ಜಡೆಗೆ ಮೂರು ಕಾಲು ತೆಗೆದೆ. ಕೈ ತಾನಾಗಿಯೇ ಚೌರಿ ನೇತುಹಾಕುತ್ತಿದ್ದ ಮೊಳೆಗೆ ಹೋಯಿತು. ಅಲ್ಲಿ ಮೊಳೆಯೊಂದೇ. ಚೌರಿ ಈಗ ಆ ಮರಿಯ ಬಾಯಲ್ಲಿದೆ.