ಉಪ್ಪು ಹಾಕದ ಬೇಳೆ

ದೊಡ್ಡಮ್ಮಾ,

ಕಾಲಿಗೆ ಬಿದ್ದೆ ಅಂದ್ಕೋ. ಸುಖವಾಗಿ ಬಂದು ಸೇರಿದೆ. ಹಕ್ಕಿಗಳಿಗೋಸ್ಕರ ಸರ್ಕಾರದವರು ಕಾಪಾಡ್ತಿರೋ ಜೌಗುನೆಲ ಇದು. ಕಾವಲಿನವರಿಗೆ ಅಡುಗೆ ಮಾಡೋದು ನನ್ನ ಕೆಲಸ. ಸುತ್ತ ತಂತಿಬೇಲಿ. ಗೇಟಿನಲ್ಲಿ ನನ್ನ ಸೌಟನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ಒಳಗೆ ಬಿಟ್ಟರು. ಒಂದು ಹುಲ್ಲುಕಡ್ಡಿ ಕೀಳೋ ಹಾಗಿಲ್ಲ.

ಆದರೆ ಒಂದು ವಿಷಯ ತಲೆಗೇ ಹೋಗ್ತಿಲ್ಲ. ಇಲ್ಲಿನ ಜೊಂಡುಹುಲ್ಲು ಮೊಣಕಾಲುದ್ದ ನೀರಲ್ಲಿ ನಿಂತೇ ಒಣಗ್ತಿದೆ! ಇನ್ನು ಮೊದಲ ದಿನ ನನ್ನ ಬೇಳೆ ಬಾಯಿಗಿಡೋಕಾಗದಷ್ಟು ಉಪ್ಪಾಗಿ ಎಲ್ಲರ ಹತ್ರ ಬೈಸಿಕೊಂಡೆ. ನಿನ್ನ ಕೈಕೆಳಗೆ ಕಲಿತವನು, ನನಗೆ ಉಪ್ಪು ತಪ್ಪೋದುಂಟಾ? ಬಾವಿ ನೀರನ್ನೇ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು! ಹಿರಿಯ ಕಾವಲುಗಾರ ಹೇಳ್ತಾನೆ, ವರ್ಷವರ್ಷಕ್ಕೂ ಬಿಸಿಲೇರಿ ಹೊಳೆ ಸೊರಗಿದೆ, ಸಮುದ್ರ ಉಬ್ಬಿ ನೆಲದಡಿಯಿಂದ ಒಳಗೆ ಬರ್ತಿದೆಯಂತೆ. ಆ ಸಮುದ್ರ ಇಲ್ಲಿಂದ ಕಣ್ಣಿಗೂ ಕಾಣಲ್ಲ. ಸೌಟು ತಡೆದ ಗೇಟಿನವರು ಅದನ್ನ ಹೇಗೆ ಬಿಟ್ಟರೋ! ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಿದ್ದೆಯಲ್ಲ, ಇಲ್ಲಿ ಯಾವ ನೀರು ಕುಡಿಯೋದು?

ನನ್ನ ಬಿ.ಪಿ. ಮಾತ್ರೆ ಮುಗೀತಾ ಬಂತು, ಯಾರಾದರೂ ಬಂದರೆ ಕೊಟ್ಟು ಕಳಿಸು.

ಈಗ ಉಪ್ಪಿನ ಡಬ್ಬಿ ಮುಟ್ಟೋದನ್ನೇ ಬಿಟ್ಟಿದ್ದೀನಿ. ನಿನ್ನೆ ಎಲ್ಲರೂ ಬೆರಳು ಚೀಪಿಕೊಂಡು ಉಂಡು, "ಈಗ ನೋಡಣ್ಣ, ಉಪ್ಪು ಹದವಾಗಿದೆ" ಅಂದರು. ಕಾರ್ಡಲ್ಲಿ ಜಾಗ ಇಲ್ಲ. ಬಾವಿ ಇನ್ನೂ ಉಪ್ಪಾದರೆ ಅಡುಗೆಯಿಂದ ಏನನ್ನ ಬಿಡಲಿ, ನೀನೇ ಹೇಳು.

ನಿನ್ನ ಅಡುಗೆಮನೆ ಮಗ