ಪೂಜೆಗಿಟ್ಟ ಕಂಪ್ಯೂಟರ್

ಮಾವ,

ರಾತ್ರಿ ಹಾಲ್‌ನಲ್ಲಿ ಟಿಣ್ ಟಿಣ್ ಎನ್ನುತ್ತಿದ್ದದ್ದು ನಿಮ್ಮ ಕಂಪ್ಯೂಟರ್. ನಿನ್ನೆ "ಆಯುಧಪೂಜೆಗೆ ಇದೂ ಕ್ಲೀನ್ ಆಗ್ಲಿ ಬಿಡಮ್ಮ" ಎಂದು, ತೆರೆಯ ಮೇಲೆ ತಾನಾಗಿ ಬಂದ ಜಾಹೀರಾತು ಒತ್ತಿದಿರಲ್ಲ, ಅದು ಮೋಸದ ಸಾಫ್ಟ್‌ವೇರ್. ನಾನು ಎದ್ದು ನೋಡಿದಾಗ ಫೈಲುಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಆಫ್ ಮಾಡಲು ಹೋದರೆ ಅತ್ತೆ, "ಪೂಜೆಗಿಟ್ಟಿದ್ದು ಕಣೇ, ಬೆಳಗಾಗೋವರೆಗೂ ಮುಟ್ಬೇಡ" ಎಂದರು. ಏನೂ ಮಾಡಲಾರದೆ ನಿಂತು ನೋಡಿದೆ.

ಮೂರು ವರ್ಷ ನೀವು ಟೈಪ್ ಮಾಡಿದ ಜಯನಗರದ ಮರಗಳ ಪಟ್ಟಿ ಈಗ ಇಲ್ಲ.

ತಿಲಕ್ ನಗರದ ರಿಪೇರಿ ಅಂಗಡಿಯವರನ್ನು ಕೇಳಿ ಬರುತ್ತೇನೆ. ಅಲ್ಲಿಯವರೆಗೆ ಆ ಮೋಸಗಾರರು ತೆರೆಯಲ್ಲಿ ತೋರಿಸುತ್ತಿರುವ ನಂಬರಿಗೆ ಫೋನ್ ಮಾಡಬೇಡಿ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ಇವರು ಕೇಳಿದರೆ ಡಿಸ್ಕ್ ಹಳೆಯದಾಗಿತ್ತು ಎನ್ನುತ್ತೇನೆ. ಅತ್ತೆಗೂ ಅಷ್ಟೇ. ನೀವು ಒತ್ತಿದ್ದನ್ನಾಗಲಿ, ಅವರು ತಡೆದದ್ದನ್ನಾಗಲಿ ನಾನು ಯಾರಿಗೂ ಹೇಳುವುದಿಲ್ಲ.