ಕೆಂಪಿನ ಮೇಲಿನ ಕಪ್ಪು ದಾರ

ಸ್ಯಾನ್ ಮಟಿಯೋ
ಭಾನುವಾರ, 12 ಅಕ್ಟೋಬರ್ 2025

ಪ್ರೀತಿಯ ಇಂಚರಾ,

ಅಮ್ಮ ಕಾಗದ ಬರೆದಿದ್ದಾಳೆ ಅಂತ ಗಾಬರಿಯಾಗಬೇಡ, ಆರೋಗ್ಯವಾಗಿದ್ದೇನೆ. ಇದು ಫೋನಿನಲ್ಲಿ ಹೇಳಬಹುದಾಗಿದ್ದ ವಿಷಯವೇ. ಮೂರು ಸಲ ಹೇಳಲು ಹೊರಟೆ. ಒಂದು ಸಲ ನೀನು ಸ್ಟುಡಿಯೋದಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ, ಇನ್ನೊಂದು ಸಲ ಮೆಟ್ರೋದಲ್ಲಿದ್ದೆ. ಮೂರನೆಯ ಸಲ ನೀನು ಬಿಡುವಾಗಿಯೇ ಇದ್ದೆ. ನಾನೇ ಬೆಂಡೆಕಾಯಿ ಹುಳಿಯ ಮಾತು ತೆಗೆದು ಕಾಲು ಗಂಟೆ ಕಳೆದು ಫೋನಿಟ್ಟೆ. ವಿಡಿಯೋದಲ್ಲಿ ನಿನಗೆ ನನ್ನ ಮುಖ ಕಾಣುತ್ತದೆ, ಅದೇ ಕಷ್ಟ. ಅಲ್ಲದೆ ಶನಿವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ನೀನು ಇವತ್ತಿಗೂ ಕೂಡಿಸಿಕೊಂಡೇ ಓದುತ್ತೀಯ. ಅಷ್ಟು ನಿಧಾನವಾಗಿ ಓದಿದರೆ ಕೋಪವೂ ನಿಧಾನವಾಗಿ ಬಂದೀತು ಎಂದು ಒಂದು ಆಸೆ. ಮುಗಿಸಿದ ಕೂಡಲೇ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ.

ಪಕ್ಕದ ಮನೆಯ ಸ್ತಮಾತಿಯಾ ಅಜ್ಜಿಯ ಕೋಟಿನ ವಿಷಯ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ.

ಆಗಸ್ಟಿನಲ್ಲಿ ನೀನು ಅಥೆನ್ಸಿನ ವಸ್ತುಸಂಗ್ರಹಾಲಯದಿಂದ ಒಂದು ಫೋಟೋ ಕಳಿಸಿದ್ದೆಯಲ್ಲ, ಎರಡು ಹೆಗಲ ಮೇಲೂ ಪಿನ್ನು ಚುಚ್ಚಿ ಇಳಿಬಿಟ್ಟ ಬಟ್ಟೆ ತೊಟ್ಟ ಕಲ್ಲಿನ ಹೆಂಗಸು. 'ಅಮ್ಮಾ, ಲುಕ್ ಅಟ್ ದ ಪ್ಲೀಟ್ಸ್! ನಿನ್ ಸೀರೆ ಥರಾನೇ' ಎಂದು ಕೆಳಗೆ ಬರೆದಿದ್ದೆ. ನಾನು ಅದನ್ನು ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡಿದೆ. ಆ ನಿರಿಗೆಗಳನ್ನು ಯಾರೂ ಹೊಲಿದಿಲ್ಲ, ಬಟ್ಟೆಯ ಭಾರಕ್ಕೆ ತಾವಾಗಿ ಬಿದ್ದಿವೆ. ಆಮೇಲೆ ಅಲ್ಲಿನ ನಿನ್ನ ಫ್ಯಾಷನ್ ಸ್ಟುಡಿಯೋದವರ ಉಡುಪುಗಳನ್ನು ಒಂದೊಂದಾಗಿ ನೋಡಿದೆ. ಹಳ್ಳಿಯ ಹೆಂಗಸರ ಏಪ್ರನ್ನು ಪ್ಯಾಂಟಿನ ಮೇಲೆ ಬಂದಿದೆ. ನಾನೂರು ನಿರಿಗೆ ಎಂದು ಹೇಳಿಕೊಳ್ಳುವ ಗಂಡಸರ ಬಿಳಿ ಲಂಗ ಹುಡುಗಿಯರ ಮಳೆಕೋಟಾಗಿದೆ. ಮೊದಲು ನಗು ಬಂತು. ಎರಡನೆಯ ಸಲ ನೋಡಿದಾಗ, ಇವರು ಅಜ್ಜಿಯ ಟ್ರಂಕಿಗೆ ಕೈ ಹಾಕಿದರೂ ಅಜ್ಜಿಯನ್ನು ಗೇಲಿ ಮಾಡುತ್ತಿಲ್ಲ ಅನ್ನಿಸಿತು. ನೀನು ಕಂಪ್ಯೂಟರಿನ ಕೆಲಸ ಬಿಟ್ಟು ಅಷ್ಟು ದೂರ ಯಾಕೆ ಹೋದೆ ಎಂಬುದು ಅವತ್ತು ಸ್ವಲ್ಪ ತಿಳಿಯಿತು. ಅದನ್ನು ನಿನಗೆ ಹೇಳಿರಲಿಲ್ಲ.

ಅದೇ ವಾರ ನಿನ್ನ ಫೋನು ಬಂತು. ಸ್ಟುಡಿಯೋದವರು ನಿನ್ನ ಸ್ವಂತದ್ದೇ ಒಂದು ಉಡುಪನ್ನು ಪ್ರದರ್ಶನಕ್ಕೆ ಸೇರಿಸುತ್ತಾರೆ, ಹಳೆಯ ಸಿಗೂನಿಯೊಂದನ್ನು ಆಧಾರವಾಗಿಟ್ಟುಕೊಂಡು ಮಾಡಬೇಕು ಅಂದೆ. ಸಿಗೂನಿ ಅಂದರೆ ಬಿಳಿ ಉಣ್ಣೆಯ ತೋಳಿಲ್ಲದ ಉದ್ದ ಕೋಟು ಎಂದು ನೀನು ವಿವರಿಸುವುದೇ ಬೇಕಿರಲಿಲ್ಲ. ಗ್ರೀಸಿನಿಂದಲೇ ಬಂದ ಸ್ತಮಾತಿಯಾ ಅಜ್ಜಿಯ ಹತ್ತಿರ ಅವರ ಅಮ್ಮನ ಮದುವೆಯ ಸಿಗೂನಿ ಇದೆ, ಪ್ರತಿ ವರ್ಷ ಚರ್ಚಿನ ಹಬ್ಬದ ಕುಣಿತಕ್ಕೆ ಅದನ್ನು ತೊಡುತ್ತಿದ್ದರು, ಈಗ ಮಂಡಿ ನೋವಿನಿಂದ ತೊಡದೆ ಕುರ್ಚಿಯ ಬೆನ್ನಿಗೆ ಹಾಕಿಕೊಂಡು ಕೂರುತ್ತಾರೆ. ಏಳನೆಯ ವಯಸ್ಸಿಗೆ ನಿನಗೆ ಸೂಜಿ ಹಿಡಿಯಲು ಕಲಿಸಿದವರೂ ಅವರೇ. 'ಅಮ್ಮ, ಪ್ಲೀಸ್, ಎವ್ರಿ ಸೀಮ್ ಫೋಟೋ ತೆಗಿ' ಅಂದೆ ನೀನು.

ಕೇಳಿದೆ. ಅಜ್ಜಿ ಸಂತೋಷದಿಂದಲೇ ಕೊಟ್ಟರು. ನಿಮ್ಮ ಹುಡುಗಿ ನೋಡಲಿ, ಅದರಂತೆ ಒಂದನ್ನು ಮಾಡಲಿ, ಆದರೆ ನೀನು ಮಾತ್ರ ಇದನ್ನು ಒಗೆಯಬಾರದು ಎಂದು ಎರಡು ಸಲ ಹೇಳಿದರು. ನಾನು ಒಗೆಯಲಿಲ್ಲ. ಅದೊಂದನ್ನು ಇವತ್ತಿಗೂ ಹಿಡಿದುಕೊಂಡು ಕೂತಿದ್ದೇನೆ, ಒಗೆಯಲಿಲ್ಲವಲ್ಲ ಎಂದು.

ಊಟದ ಮೇಜಿನ ಮೇಲೆ ಬಿಳಿ ಹಾಸು ಹಾಸಿ ಕೋಟನ್ನು ಬಿಡಿಸಿದೆ. ಎದೆಯ ಎರಡೂ ಅಂಚಿಗೆ, ಕತ್ತಿನ ಸುತ್ತ, ಬೆನ್ನಿನ ಕೆಳಗೆ ಒರಟು ಕಪ್ಪು ಉಣ್ಣೆಯ ದಾರ. ಉಳಿದ ಕೆಲಸವೆಲ್ಲ ಅಷ್ಟು ನಾಜೂಕು, ಇದು ಮಾತ್ರ ಅಡ್ಡಾದಿಡ್ಡಿ, ಗೋಣಿಚೀಲ ಹೊಲಿದ ಹಾಗೆ. ಒಂದು ಕಡೆ ಸವೆದು ಕೆಳಗಿನಿಂದ ಕೆಂಪು ಕಸೂತಿ ಇಣುಕುತ್ತಿತ್ತು. ಮದುವೆಯ ಕೋಟು, ಅದರ ಮೇಲೆ ಕಪ್ಪು, ಅದೂ ಮಗಳ ಮೊದಲ ಕೆಲಸಕ್ಕೆ. ನಿನ್ನ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ನೀನು ಹಟ ಮಾಡಿ ಕೊಂಡ ಕಪ್ಪು ಫ್ರಾಕನ್ನು ಬಚ್ಚಿಟ್ಟು ಹಳದಿಯದನ್ನು ಮಂಚದ ಮೇಲೆ ಇಟ್ಟವಳು ನಾನು. ನನಗೆ ನಾನು ಗೊತ್ತಿಲ್ಲವೇ?

ಪ್ಲೆಸೆಂಟನ್ನಿನ ಸಿಂಧುಗೆ ಫೋನು ಮಾಡಿದೆ. ತಿಂಗಳಿಗೊಮ್ಮೆ ಕವಿತೆ ಓದಲು ಸೇರುತ್ತೇವಲ್ಲ, ಅವಳೇ. ಸ್ಪೀಕರಿನಲ್ಲಿ ಅವಳ ಕುಕ್ಕರು ಕೂಗುತ್ತಿತ್ತು.

'ಅಯ್ಯೋ, ಯಾರೋ ರಿಪೇರಿ ಮಾಡಿರ್ತಾರೆ ಕಣೇ, ಕೆಂಪು ದಾರ ಸಿಕ್ಕಿರಲ್ಲ, ಕರಿದು ಹಾಕಿರ್ತಾರೆ. ಬಿಚ್ಚಿಹಾಕು. ಅಜ್ಜಿ ಖುಷಿಯಾಗಿ ಥ್ಯಾಂಕ್ಸ್ ಹೇಳ್ತಾರೆ ನೋಡು' ಅಂದಳು.

'ಕೇಳದೇ ಹೆಂಗೇ ಬಿಚ್ಚೋದು?' ಅಂದೆ.

'ನೀನು ಕೇಳಿ ಮಾಡಿದ್ದು ಏನಿದೆ ಹೇಳು' ಎಂದು ನಕ್ಕಳು. ಅವಳು ತಮಾಷೆಗೆ ಅಂದದ್ದು. ಆಮೇಲೆ ಆ ಮಾತು ನನಗೆ ಚುಚ್ಚುತ್ತಲೇ ಇದೆ.

ಎರಡು ಮಧ್ಯಾಹ್ನ ಕೂತು ಉಗುರು ಕತ್ತರಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಇಂಚರಾ, ಆ ಕೆಂಪು! ಬೆಳಕೇ ಕಾಣದೆ ಇದ್ದದ್ದಕ್ಕೆ ನಿನ್ನೆ ಬಣ್ಣ ಹಾಕಿದ ಹಾಗಿತ್ತು. ನನ್ನ ಕೈಯೇ ಏನೋ ಒಳ್ಳೆಯದು ಮಾಡುತ್ತಿದೆ ಅನ್ನಿಸಿತು. ಕಪ್ಪು ದಾರವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದೆಂದು ಕಾಗದದ ಚೀಲಕ್ಕೆ ಹಾಕಿ ಹೊರಗಿನ ಕಸದ ಡಬ್ಬಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಲಾರಿ ಬಂದು ಹೋಯಿತು. ಫೋಟೋಗಳು ನಿನಗೆ ತಲುಪಿದವು. 'ಅಮ್ಮಾ, ದಿಸ್ ರೆಡ್! ಐ ಆಮ್ ಕ್ರೈಯಿಂಗ್' ಎಂದು ಬರೆದೆ ನೀನು. ಆ ಕೆಂಪಿನ ಮೇಲೆಯೇ ನಿನ್ನ ಇಡೀ ಕೋಟನ್ನು ಕಟ್ಟಿದೆ. ನಿಮ್ಮ ಯಜಮಾನಿ ಅದನ್ನು ಕೊನೆಯಲ್ಲಿ ತರಬೇಕೆಂದರು, ಪ್ರದರ್ಶನದ ಆಮಂತ್ರಣದಲ್ಲೂ ಅದೇ ಬಂತು.

ಇಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಕುಡಿಯಲಿಲ್ಲ. ಗಿಡಕ್ಕೆ ನೀರು ಹಾಕಿದೆ, ಬೆಳಿಗ್ಗೆ ಹಾಕಿದ್ದೆ ಎಂದು ಆಮೇಲೆ ನೆನಪಾಯಿತು. ಕ್ಯಾಲ್‌ಟ್ರೈನು ಎರಡು ಸಲ ಹೋಯಿತು. ಮತ್ತೆ ಕೂತಿದ್ದೇನೆ.

ಹೋದ ಸೋಮವಾರ ಕೋಟನ್ನು ಹಿಂದಿರುಗಿಸಲು ಹೋದೆ. ಆಶ್ಚರ್ಯಪಡಿಸಬೇಕೆಂದು ಮಡಿಸಿ, ನಿಮ್ಮಪ್ಪ ಮೈಸೂರಿನಿಂದ ತಂದಿದ್ದ ರೇಷ್ಮೆಯ ಚೌಕದಲ್ಲಿ ಕಟ್ಟಿಕೊಂಡು ಹೋದೆ. ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ತೊಡೆಯ ಮೇಲೆ ಬಿಡಿಸಿಕೊಂಡು ಬೆರಳಿನಿಂದ ಕತ್ತಿನ ಅಂಚನ್ನು ಹುಡುಕಿದರು. ಬೆರಳು ಅಲ್ಲೇ ನಿಂತಿತು. ಇನ್ನೊಂದು ಅಂಚಿಗೆ ಹೋಯಿತು, ಅಲ್ಲಿಂದ ಬೆನ್ನಿಗೆ. ದಾರವನ್ನು ಎಲ್ಲಿ ಹಾಕಿದೆ ಎಂದು ಕೇಳಿದರು. ಕೂಗಲಿಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವ ಹಾಗೆ ಕೇಳಿದರು. ನಾನು ಹೇಳಿದೆ. ಕಸದ ಲಾರಿಯದನ್ನೂ ಹೇಳಿದೆ.

ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. ಅವರಿಗೊಬ್ಬ ಅಣ್ಣನಿದ್ದ, ಹತ್ತೊಂಬತ್ತಕ್ಕೆ ಹೋಗಿಬಿಟ್ಟ. ಅವನನ್ನು ಮಣ್ಣು ಮಾಡಿ ಬಂದ ದಿನ ಅವರ ಅಮ್ಮ ತನ್ನ ಮದುವೆಯ ಸಿಗೂನಿ ತೆಗೆದು ಕೆಂಪೆಲ್ಲ ಮುಚ್ಚುವ ಹಾಗೆ ಕಪ್ಪು ದಾರ ಹೊಲಿದರಂತೆ. ಅವರ ಮನೆಯಲ್ಲಿ ಮೂರು ವರ್ಷ ಹಾಗಿಟ್ಟು, ಹೊಲಿದ ಕೈಯೇ ಅದನ್ನು ಬಿಚ್ಚಬೇಕು. ಎರಡನೆಯ ಚಳಿಗಾಲದಲ್ಲಿ ಅಮ್ಮನೂ ತೀರಿಕೊಂಡರು. ಆಮೇಲೆ ಬಿಚ್ಚುವವರು ಯಾರೂ ಉಳಿಯಲಿಲ್ಲ. ಆಗಿನ್ನೂ ಹುಡುಗಿಯಾಗಿದ್ದ ಸ್ತಮಾತಿಯಾ ಅದನ್ನು ಹಾಗೆಯೇ ತೊಟ್ಟು ಇಲ್ಲಿಗೆ, ಅಮೆರಿಕಕ್ಕೆ ಬಂದಳು, ಅರವತ್ತು ವರ್ಷ ಹಾಗೆಯೇ ತೊಟ್ಟು ಕುಣಿದಳು. ಅಡ್ಡಾದಿಡ್ಡಿ ಇತ್ತಲ್ಲ ಎಂದು ನಾನು ತೊದಲಿದೆ. ಅಮ್ಮನಿಗೆ ಅವತ್ತು ಕಣ್ಣು ಕಾಣುತ್ತಿರಲಿಲ್ಲ, ಅಳುತ್ತಾ ಹೊಲಿದದ್ದು, ಎಂದರು.

ಕುಣಿತದಲ್ಲಿ ಎಷ್ಟು ಸಲ ಅವರನ್ನು ನೋಡಿದ್ದೆವು, ನೀನೂ ನಾನೂ! ಕಪ್ಪು ಅಂಚಿನ ಬಿಳಿ ಕೋಟು ಎಂದೇ ಅಂದುಕೊಂಡಿದ್ದೆವು. ಒಮ್ಮೆಯೂ ಇದು ಯಾಕೆ ಎಂದು ಕೇಳಲಿಲ್ಲ.

ಇನ್ನೊಂದು ಹೇಳಬೇಕು. ಇದನ್ನೂ ಫೋನಿನಲ್ಲಿ ಹೇಳಲಾರೆ. ನಿಮ್ಮಪ್ಪ ಹೋದ ಹದಿನಾಲ್ಕನೆಯ ದಿನ ಅವರ ಬಟ್ಟೆಗಳನ್ನೆಲ್ಲ ನಾನೇ ಕಾರಿಗೆ ತುಂಬಿ ಹಳೆಬಟ್ಟೆ ದಾನ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟುಬಂದೆ. ಕಪಾಟು ಒರೆಸಿ ನನ್ನ ಪುಸ್ತಕಗಳನ್ನು ಜೋಡಿಸಿದೆ. ನೀನು ಕಾಲೇಜಿನಿಂದ ಬಂದು, ಮೊಣಕೈ ಹರಿದ ಬೂದು ಸ್ವೆಟರು ಎಲ್ಲಿ ಎಂದು ಕೇಳಿದೆ. ಎಲ್ಲಿ ಹೋಯಿತೋ ಗೊತ್ತಿಲ್ಲ, ನೆಂಟರು ಯಾರೋ ತೆಗೆದಿಟ್ಟಿರಬೇಕು ಅಂದೆ. ಗೊತ್ತಿತ್ತು. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಅಂಗಡಿಯಾತ ಅದನ್ನು ಎತ್ತಿ, ಇದು ಹರಿದಿದೆ ಬೇಡ ಅಂದ. ಇರಲಿ ತೆಗೆದುಕೊಳ್ಳಿ ಎಂದು ಅವನ ಕೈಗೇ ತುರುಕಿ ಬಂದೆ. ಮನೆಯಲ್ಲಿ ದುಃಖ ಕಣ್ಣಿಗೆ ಬೀಳುವ ಹಾಗೆ ಇರಬಾರದು ಎಂಬ ಹಟ ನನಗೆ ಎಲ್ಲಿಂದ ಬಂತೋ. ನಿನಗೆ ಒಳ್ಳೆಯದಾಗಲಿ ಎಂದೇ ಮಾಡಿದೆ. ಆ ರಜೆಯಲ್ಲಿ ನೀನು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮುಂದಿನ ರಜೆಗೆ ಬರಲೇ ಇಲ್ಲ.

ಈಗ ನಿನ್ನ ಕೋಟಿನ ವಿಷಯ. ನೀನು ಕಳಿಸಿದ ಚಿತ್ರವನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಹೆಗಲಿನ ಜೋಡಣೆ ಸರಿಯಾಗಿ ಬಂದಿದೆ, ಹುಡುಗಿಗೆ ಕೈ ಇದೆ ಎಂದರು. ಇಂಚರಾಗೆ ಇದೆಲ್ಲ ಗೊತ್ತಿಲ್ಲ, ತಪ್ಪು ನನ್ನದು ಎಂದೆ. ತಲೆಯಾಡಿಸಿದರು. ಇನ್ನು ಅದನ್ನು ತೋರಿಸುವುದೋ ಬಿಡುವುದೋ ನಿನಗೇ ಬಿಟ್ಟಿದ್ದಾರೆ ಎಂದೇ ಇಟ್ಟುಕೋ. ನೀನು ದೊಡ್ಡವಳು, ಇಪ್ಪತ್ತನಾಲ್ಕು ವರ್ಷ, ಯೋಚಿಸಿ ನೋಡು. ಇನ್ನು ಮೂರು ವಾರವಿದೆ. ಆಮಂತ್ರಣವೂ ಅಚ್ಚಾಗಿದೆ, ಯಜಮಾನಿಯ ಮನಸ್ಸನ್ನೂ ನೋಡಬೇಕು, ಇದು ನಿನ್ನ ಮೊದಲ ಕೆಲಸ. ಯಾವುದು ಸರಿ ಎನ್ನಿಸುತ್ತದೋ ಅದನ್ನು ಮಾಡು.

ನಾನು ಕಪ್ಪು ಉಣ್ಣೆ ತಂದು ಮತ್ತೆ ಹೊಲಿದುಕೊಡುತ್ತೇನೆ ಎಂದೆ. ಅವರು ಕೋಟನ್ನು ನನ್ನ ಕೈಗೆ ಕೊಡಲಿಲ್ಲ. ಆದರೆ ಮರುದಿನ ಬಾಗಿಲು ತಟ್ಟಿದಾಗ ಬಾಗಿಲು ತೆರೆದರು. ನಿನ್ನೆಯೂ ಹೋಗಿದ್ದೆ. ಇಬ್ಬರೂ ಟೀ ಕುಡಿದೆವು.

ಸರಿಯಾಗಿ ಊಟ ಮಾಡು. ಅಲ್ಲಿ ಚಳಿ ಶುರುವಾಗಿರಬೇಕು.

ನಿನ್ನ,
ಅಮ್ಮ
(ಊರ್ಮಿಳಾ)

ಮರೆಯದೆ ಓದು: ಮೇಲೆ ಬರೆದದ್ದರಲ್ಲಿ ಒಂದು ನಿಜವಲ್ಲ. ಅಜ್ಜಿ ನಿನಗೇನೂ ಬಿಟ್ಟಿಲ್ಲ. ಚಿತ್ರ ನೋಡಿ, ಹೆಗಲು ಚೆನ್ನಾಗಿದೆ ಎಂದು ಹೇಳಿ, ಫೋನನ್ನು ನನ್ನ ಕೈಗಿಟ್ಟು, ಬೇಡ, ಇದನ್ನು ತೋರಿಸಬಾರದು ಎಂದು ಹೇಳು ನಿನ್ನ ಮಗಳಿಗೆ ಎಂದರು. ಕಪ್ಪು ದಾರದೊಡನೆ ತೋರಿಸಿದರೆ ಹೇಗೆ ಎಂದೂ ನಾನು ಕೇಳಿದೆ. ಅದು ನನ್ನ ಅಮ್ಮನ ಕೈ, ನಿನ್ನ ಮಗಳ ಕೈಯಲ್ಲ, ಹಾಗೂ ಬೇಡ ಎಂದರು. ಇದು ಸೋಮವಾರದ ಮಾತು; ಆರು ದಿನ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ತೋರಿಸಬೇಡ, ಇಂಚರಾ. ನಿಮ್ಮ ಯಜಮಾನಿಗೆ ನಾನೇ ಫೋನು ಮಾಡಿ ತಪ್ಪು ನನ್ನದೆಂದು ಹೇಳುತ್ತೇನೆ, ನಂಬರು ಕಳಿಸು. ಆ ಕೊನೆಯ ಹಾಳೆಯನ್ನು ಹರಿದು ಚೆನ್ನಾಗಿ ಮತ್ತೆ ಬರೆಯಬಹುದಿತ್ತು, ಹೊಸ ಹಾಳೆ ತೆಗೆದೂ ಇದ್ದೆ. ಬರೆಯಲಿಲ್ಲ. ಇದ್ದ ಹಾಗೆಯೇ ಕಳಿಸುತ್ತಿದ್ದೇನೆ.